ಮೂತಿ ಎತ್ತಿದ ಗಾಡಿ

ಇವತ್ತು ರಾಯ್ಸ್ ಹೇವರ್‌ಕ್ಯಾಂಪ್ ಬಂದು ತಮ್ಮ ಗಾಡಿಮನೆಯನ್ನು ಕೊಂಡು, ತನ್ನ ಟ್ರಕ್ಕಿಗೆ ಕಟ್ಟಿ ಎಳೆದುಕೊಂಡು ಹೋಗುತ್ತಾನೆಂದು ಗೊತ್ತಿದ್ದೂ ಮಾರ್ಲಿಸ್ ಎಕ್ಡಾಲಳಿಗೆ ಬೆಳಗಿನಿಂದ ಅಳು ಬರುತ್ತಿರಲಿಲ್ಲ. ಬರುತ್ತಿದ್ದದ್ದು ಇನ್ನೊಂದೇ ಒಂದು ಸಲ ಟ್ರಕ್ಕು ಹತ್ತುವೆನೆಂಬ ಒಂಥರಾ ಹುರುಪು, ಹೇಳಿಕೊಳ್ಳಲು ನಾಚಿಕೆಯಾಗುವಂಥದು. ಕಾಫಿಗೆ ನೀರಿಟ್ಟವಳು ಒಲೆ ಹಚ್ಚುವುದನ್ನು ಮರೆತಳು. ಹಚ್ಚಿದ ಮೇಲೆ ಪುಡಿ ಹಾಕುವುದನ್ನು ಮರೆತು ಬರೀ ಬಿಸಿನೀರನ್ನೇ ಮಗ್ಗಿಗೆ ಬಗ್ಗಿಸಿ ಗಂಡನ ಮುಂದಿಟ್ಟಳು. ಆರಿನ್ ಮಗ್ಗಿನೊಳಗೆ ಇಣುಕಿ ನೋಡಿ, ಇದಕ್ಕೆಲ್ಲ ಮಾತು ಖರ್ಚು ಮಾಡುವುದು ದಂಡವೆಂದುಕೊಂಡವನ ಹಾಗೆ ಸುಮ್ಮನೆ ಕುಡಿದ. ಪಾರ್ಶ್ವವಾಯು ಹೊಡೆದ ಮೇಲೆ ಮಾತಿನ ವಿಷಯದಲ್ಲಿ ಅವನು ಕಡುಜಿಪುಣನಾಗಿದ್ದ. ಅಂಥವನು ಮೊನ್ನೆ ಭಾನುವಾರ, ಅಗ್ನಿಶಾಮಕದವರ ಶೆಡ್ಡಿನಲ್ಲಿ ನಡೆಯುವ ಪ್ಯಾನ್‌ಕೇಕ್ ತಿಂಡಿಯ ಹೊತ್ತಿನಲ್ಲಿ, ಅಷ್ಟೂ ಜನರೆದುರು, ಯಾರೂ ಕೇಳದೆ ಎರಡೆರಡು ವಾಕ್ಯ ಖರ್ಚು ಮಾಡಿಬಿಟ್ಟಿದ್ದ: "ನಮ್ಮ ಗಾಡಿ... ನೀನೇ ತಗೊಂಡ್ ಹೋಗು ರಾಯ್ಸ್. ನಮ್ದು ಮುಗೀತು." ಮಾರ್ಲಿಸ್ ಆಗ ಸಿರಪ್ಪಿನ ಶೀಷೆ ಬಗ್ಗಿಸಿ ಹಿಡಿದಿದ್ದಳು. ಹಾಗೇ ಹಿಡಿದಿದ್ದಳು. ತಟ್ಟೆ ತುಂಬಿ, ಮೇಜಿನ ಮೇಲೆ ಹರಿದು, ಅವಳ ಮಡಿಲಿಗೆ ತೊಟ್ಟಿಕ್ಕತೊಡಗಿದಾಗ ಪಕ್ಕದವರು ಯಾರೋ ಕಾಗದದ ಕರವಸ್ತ್ರ ಕೊಟ್ಟರು, ಅಲ್ಲಿ ಚೆಲ್ಲಿದ್ದು ಸಿರಪ್ಪು ಮಾತ್ರ ಎಂಬಂತೆ.

ಮುಗಿದದ್ದಾದರೂ ಏನು? ಗಾಡಿಮನೆಗೆ ಒಂದರ ಹಿಂದೊಂದು ಎರಡು ಅಚ್ಚು, ಒಟ್ಟು ನಾಲ್ಕು ಚಕ್ರ. ಬಲಗಡೆಯ ಹಿಂದಿನ ಚಕ್ರ ಮಡ್‌ಗಾರ್ಡಿನ ಒಳಮೈಗೆ ಉಜ್ಜುತ್ತಿತ್ತು. ರಸ್ತೆ ಸ್ವಲ್ಪ ತಗ್ಗಿಗಿಳಿದು ಎದ್ದರೆ ಸಾಕು, ಹಿಂದಿನಿಂದ ಗರ್ರೆಂದು ಸದ್ದು, ಆಮೇಲೆ ಸುಟ್ಟ ರಬ್ಬರಿನ ವಾಸನೆ. ಹೊಸ ಟೈರಿನ ಹೆಗಲು ತುರಿಮಣೆಗೆ ಉಜ್ಜಿದ ಕ್ಯಾರೆಟ್ಟಿನ ಹಾಗಾಗಿತ್ತು. ಇಂಥ ಟೈರು ಹೆದ್ದಾರಿಯಲ್ಲಿ ಸಿಡಿದರೆ ಮನೆಯ ನೆಲವನ್ನೇ ಕಿತ್ತುಕೊಂಡು ಹೋಗುತ್ತದೆ. ಚಳಿಗಾಲಕ್ಕೆ ಗಾಡಿಮನೆಯವರೆಲ್ಲ ಬಂದು ಬೀಡುಬಿಡುವ ಕ್ವಾರ್ಟ್ಸೈಟ್‌ನ ಈ ಮರಳುಬಯಲಿನಲ್ಲಿ ಯಾರದಾದರೂ ಗಾಡಿಯ ಕೆಳಗೆ ಒಂದು ಜಾಕ್ ಇಟ್ಟರೆ ಸಾಕು, ಗಂಡಸರು ತಂತಮ್ಮ ಮಡಚುಕುರ್ಚಿ, ಕಾಫಿ ಮಗ್ಗು ಹಿಡಿದುಕೊಂಡು ಬಂದು ಸುತ್ತ ಕೂರುತ್ತಾರೆ. ಒಬ್ಬೊಬ್ಬರಾಗಿ ಕೆಳಗೆ ತೂರಿ, ಎದ್ದು, ಪ್ಯಾಂಟಿನ ಮರಳು ಕೊಡವಿ ತೀರ್ಪು ಕೊಡುತ್ತಾರೆ. ಭಾರ ಹೊರುವ ಕಮಾನುಪಟ್ಟಿ ಸೋತಿದೆ ಎಂದರು, ಮಾರ್ಲಿಸ್ ಯೂಮಾದ ತನಕ ಹೋಗಿ ಹೊಸದು ಹಾಕಿಸಿದಳು. ಪಟ್ಟಿಯ ತುದಿಯ ಬುಷ್ ಸವೆದಿದೆ ಎಂದರು, ಹಿತ್ತಾಳೆಯದು ಹಾಕಿಸಿದಳು. ಆದರೂ ಉಜ್ಜಿತು. ಕೊನೆಗೆ ಒಬ್ಬ ಗಲ್ಲ ಕೆರೆದುಕೊಂಡು, "ಅಚ್ಚೇ ಬಗ್ಗಿರ್ಬೇಕು ಆರಿನ್. ಎಲ್ಲಾದ್ರೂ ಹತ್ತಿಸಿದ್ರಾ?" ಎಂದ. ಕೇಳಿದ್ದು ಆರಿನ್‌ನನ್ನು. ಓಡಿಸುವವಳು ಎದುರಿಗೇ ಬಿಸ್ಕೆಟ್ ತಟ್ಟೆ ಹಿಡಿದು ನಿಂತಿದ್ದರೂ ಕೇಳುವುದು ಆರಿನ್‌ನನ್ನೇ. ಆರಿನ್ ಸರಿಯಿದ್ದ ಎಡಗೈಯ ಬೆರಳೆತ್ತಿ ಅವಳನ್ನು ತೋರಿಸಿದ್ದ. "ಹೀಲಾ ಬೆಂಡ್... ಪೆಟ್ರೋಲ್ ಬಂಕು. ಇವಳು."

ಯಾರೂ ಬೈಯಲಿಲ್ಲ. ಎಲ್ಲರೂ ಒಟ್ಟಿಗೆ ಕಾಫಿ ಕುಡಿದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೌದು, ಬಂಕಿನಿಂದ ಹೊರಗೆ ಬಲಕ್ಕೆ ತಿರುಗುವಾಗ ಸ್ಟೀರಿಂಗನ್ನು ಬೇಗ ತಿರುಗಿಸಿದ್ದಳು, ಹಿಂದಿನ ಚಕ್ರ ಕಾಂಕ್ರೀಟಿನ ಅಂಚು ಹತ್ತಿ ಧೊಪ್ಪನೆ ಇಳಿದಿತ್ತು, ಬೀರುವಿನ ಪಿಂಗಾಣಿ ಬಟ್ಟಲುಗಳೆಲ್ಲ ಒಮ್ಮೆ ಕಿರುಚಿದ್ದವು. ಮರುದಿನ ಪಕ್ಕದ ಗಾಡಿಯ ಹೆಂಗಸು ಬಂದು, ಹೆಂಗಸರಿಗೆ ಅಂತಲೇ ಒಬ್ಬರು ರಿವರ್ಸ್ ಹೊಡೆಯೋದು ಕಲಿಸುತ್ತಾರೆ, ತುಂಬಾ ತಾಳ್ಮೆ ಅವರಿಗೆ, ಎಂದಳು. ಮಾರ್ಲಿಸ್ ಥ್ಯಾಂಕ್ಸ್ ಹೇಳಿ, ಒಳಗೆ ಬಂದು ಬಾಗಿಲು ಹಾಕಿ, ಪಾತ್ರೆ ಒರೆಸುವ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ನಿಂತಳು. ಎದುರು ವಾದಿಸದೆ ಇದ್ದದ್ದಕ್ಕೆ ಕಾರಣ ಬೇರೆಯೇ ಇತ್ತು. ತನಗೆ ಇದು ಆಗಬೇಕಾದ್ದೇ ಎಂದು ಅವಳಿಗೆ ಅನ್ನಿಸಿತ್ತು. ಊರಿನ ಕಡೆ, ಮ್ಯಾಂಕೇಟೋದ ಆಸ್ಪತ್ರೆಯಲ್ಲಿ ಡಾಕ್ಟರು, ಇನ್ನು ಅವರು ಗಾಡಿ ಓಡಿಸುವ ಹಾಗಿಲ್ಲ, ಎಂದಾಗ ಅವಳು ಆರಿನ್‌ನ ಒದ್ದೆ ಕಾಲುಚೀಲ ಕೈಯಲ್ಲಿ ಹಿಡಿದುಕೊಂಡಿದ್ದಳು. ಹೊರಗೆ ಹಿಮ. ಒಳಗೆ, ಅವಳ ಎದೆಯೊಳಗೆ, ಚಳಿಗಾಲವಿಡೀ ಅಂಟಿಕೊಂಡಿದ್ದ ಕಿಟಕಿಯೊಂದು ತೆರೆದುಕೊಂಡಿತು. ಹಾಗಾದರೆ ಇನ್ನು ನಾನು, ಎಂದುಕೊಂಡಳು. ಗಂಡ ಬದುಕುತ್ತಾನೋ ಇಲ್ಲವೋ ಎಂದು ಇನ್ನೂ ಪೂರ್ತಿ ಗೊತ್ತಿಲ್ಲದಿದ್ದ ಹೊತ್ತಿನಲ್ಲಿ ಅವಳು ಹಾಗೆ ಅಂದುಕೊಂಡಿದ್ದಳು.

ಮದುವೆಯಾದಾಗಿನಿಂದ ಅವಳ ಜಾಗ ಬಲಗಡೆಯ ಸೀಟು, ಓಡಿಸುವವನದು ಎಡಗಡೆ. ನಕ್ಷೆ ಬಿಡಿಸು, ನಕ್ಷೆ ಮಡಚು, ಸ್ಯಾಂಡ್‌ವಿಚ್ಚಿನ ಕಾಗದ ಬಿಚ್ಚಿ ಕೊಡು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳ ಸಾರಿನ ಕೊಪ್ಪರಿಗೆ ಒಬ್ಬಳೇ ಇಳಿಸುತ್ತಿದ್ದವಳಿಗೆ ಗಾಡಿ ಎಳೆಯುವ ಟ್ರಕ್ಕಿನ ಸ್ಟೀರಿಂಗ್ ಮುಟ್ಟಲು ಬಿಟ್ಟಿರಲಿಲ್ಲ. ಗೇರು ಕ್ಲಚ್ಚಿನ ಹಳೆಯ ಟ್ರಕ್ಕು ಅವಳಿಗೆ ಒಗ್ಗದೆಂದು ಮಾರಿ, ಗೇರು ಹಾಕುವ ಕಾಟವಿಲ್ಲದ ಎತ್ತರದ ಹೊಸ ಟ್ರಕ್ಕು ತಂದರು. ಅದರಲ್ಲಿ ಕೂತರೆ ಎದುರು ಬರುವವರ ಬೋಳುತಲೆ ಕಾಣಿಸುತ್ತಿತ್ತು. ಕಾನ್ಸಾಸ್‌ನಲ್ಲಿ ಹಂದಿ ಸಾಗಿಸುವ ಲಾರಿಯೊಂದನ್ನು ಅವಳು ಮೊದಲ ಸಲ ಹಿಂದೆ ಹಾಕಿದಾಗ, ಮೂವತ್ತು ಅಡಿ ಮನೆ ಬೆನ್ನಿಗೆ ಕಟ್ಟಿಕೊಂಡು ಗಾಳಿ ಸೀಳಿ ಮುಂದೆ ನುಗ್ಗಿದಾಗ, ಮೈಯೆಲ್ಲ ಜುಮ್ಮೆಂದಿತ್ತು. ಪಕ್ಕದಲ್ಲಿ ಆರಿನ್‌ನ ತುಟಿ ಒಂದು ಕಡೆ ಜೋತುಬಿದ್ದಿತ್ತು. ಗಂಡನ ಒಂದು ಕೈ ಸತ್ತು ತನ್ನ ಎರಡೂ ಕೈಗೆ ಜೀವ ಬಂತಲ್ಲ ಎಂಬ ಯೋಚನೆ ಬಂದು, ಅದನ್ನು ಓಡಿಸಲು ಪ್ರಾರ್ಥನೆ ಹೇಳಿಕೊಂಡು, ಪ್ರಾರ್ಥನೆ ಮುಗಿಯುವುದರೊಳಗೆ ಇನ್ನೊಂದು ಲಾರಿಯನ್ನು ಹಿಂದೆ ಹಾಕಿದ್ದಳು. ಅಂಥವಳಿಗೆ ಕಾಂಕ್ರೀಟಿನ ಅಂಚು ಬರದೆ ಇನ್ನೇನು ಬಂದೀತು.

ಈಗ ಅವಳು ಸಾಮಾನು ಖಾಲಿ ಮಾಡುವ ನೆಪದಲ್ಲಿ ಗಾಡಿಯ ಸುತ್ತ ಸುತ್ತುತ್ತಿದ್ದಳು. ಕೊಡುವ ಮನೆಯನ್ನು ಕೊಳಕಾಗಿ ಕೊಡಬಾರದು. ಬಲಗಡೆ ಒರೆಸಿಯಾಯಿತು. ಎಡಗಡೆಯ ಚಕ್ರಗಳ ಹತ್ತಿರ ಮಂಡಿಯೂರಿ, ಕೈಯನ್ನು ಮಡ್‌ಗಾರ್ಡಿನೊಳಗೆ ತೂರಿಸಿ ಒದ್ದೆ ಬಟ್ಟೆಯಿಂದ ಧೂಳು ಸವರಿದಳು. ಬಟ್ಟೆ ಒಂದು ಕಡೆ ಜಾರಿತು. ಬೇರೆಲ್ಲ ತರಿತರಿ, ಅಲ್ಲಿ ಮಾತ್ರ ನುಣುಪು. ಅವಳು ಬಟ್ಟೆ ಬಿಸಾಡಿ ಬೆರಳಿನಿಂದಲೇ ಮುಟ್ಟಿ ನೋಡಿದಳು. ಟಾರ್ಚು ತಂದು, ಅಂಗಾತ ಮಲಗಿ, ತಲೆ ಒಳಗೆ ತೂರಿಸಿ ನೋಡಿದಳು. ಹಿಂದಿನ ಚಕ್ರದ ಮೇಲ್ಗಡೆ, ಎರಡು ಬೆರಳಗಲ, ಸವೆದು ಮಿರಿಮಿರಿ ಮಿನುಗುವ ಪಟ್ಟೆ. ಬಲಗಡೆಯಷ್ಟು ಆಳವಿಲ್ಲ, ಆದರೆ ಅದೇ ಜಾಗ, ಅದೇ ಓರೆ. ಬಲಗಡೆ ಅಡುಗೆಮನೆ, ಫ್ರಿಜ್ಜು, ಅವಳ ಡಬ್ಬಿಗಳ ಭಾರ ಇರುವುದರಿಂದ ಅಲ್ಲಿ ಹೆಚ್ಚು ಉಜ್ಜಿದೆ, ಇಲ್ಲಿ ಕಡಿಮೆ. ಅಂಚು ಹತ್ತಿದ್ದು ಬಲಗಡೆಯ ಚಕ್ರ. ಹಾಗಿದ್ದಲ್ಲಿ ಎಡಗಡೆ ಯಾಕೆ ಉಜ್ಜಬೇಕು? ಇಷ್ಟು ಜನ ಗಂಡಸರು ಬಂದು ಹೋದರಲ್ಲ, ಒಬ್ಬನೂ ಈ ಕಡೆ ಇಣುಕಲಿಲ್ಲವಲ್ಲ! ಇಣುಕಿ ಏನಾಗಬೇಕಿತ್ತು, ಅಪರಾಧಿ ಬಿಸ್ಕೆಟ್ ತಟ್ಟೆ ಹಿಡಿದು ಎದುರಿಗೇ ನಿಂತಿದ್ದಳು. ಮಾರ್ಲಿಸ್ ಟಾರ್ಚನ್ನು ಅಲ್ಲೇ ಬಿಟ್ಟಳು. ಎದ್ದು ಓಡಿದಳು, ಅರವತ್ತೇಳರ ಹೆಂಗಸು, ತಲೆಗೂದಲಲ್ಲಿ ಮರಳು.

"ಆರಿನ್! ಎಡಗಡೆನೂ ಉಜ್ಜಿದೆ ಕಣೋ! ಎರಡೂ ಕಡೆ! ಅಂಚಿಂದಲ್ಲ ಅದು!"

ಆರಿನ್ ಚಪ್ಪರದ ನೆರಳಿನಲ್ಲಿ ಕೂತಿದ್ದ. ಅವಳ ಕಡೆ ನೋಡದೆ ದೂರದ ಬೋಳುಗುಡ್ಡಗಳನ್ನು ನೋಡಿದ. "ರಾಯ್ಸ್... ಬರ್ತಾನೆ. ಕೊಂಡಿ ಹಾಕಿಡು. ಎಳೆದು ತೋರಿಸ್ಬೇಕು."

ಸಂತೋಷ ಹಂಚಿಕೊಳ್ಳಲು ಹೋದವಳ ಮುಖಕ್ಕೆ ಬಾಗಿಲು ಬಡಿದಂತಾಯಿತು. ಆದರೂ ಹುರುಪು ಇಳಿಯಲಿಲ್ಲ. ಟ್ರಕ್ಕು ಹತ್ತಿ ಹಿಮ್ಮುಖವಾಗಿ, ಯಾರೂ ಕೈ ಬೀಸದೆ, ತಾಳ್ಮೆಯ ಮೇಷ್ಟರಿಲ್ಲದೆ, ಒಂದೇ ಏಟಿಗೆ ಕೊಂಡಿಯ ಗುಂಡನ್ನು ಗಾಡಿಮನೆಯ ಮೂತಿಯ ನೇರಕ್ಕೆ ತಂದು ನಿಲ್ಲಿಸಿದಳು. ಇಳಿದು ಮೂತಿಯನ್ನು ಹೊತ್ತಿದ್ದ ಜಾಕನ್ನು ಮೊದಲು ಮೇಲೇರಿಸಬೇಕಾಯಿತು, ಗುಂಡು ಅಷ್ಟು ಎತ್ತರದಲ್ಲಿತ್ತು. ಆಮೇಲೆ ಗುಂಡನ್ನು ಮೂತಿಯಡಿಗೆ ಸರಿಸಿ, ಜಾಕನ್ನು ತಿರುಗಿಸಿ ತಿರುಗಿಸಿ ಇಳಿಸಿದಳು. ಮೂತಿ ಗುಂಡಿನ ಮೇಲೆ ಕೂತಿತು. ಚಿಲಕ ಹಾಕಿದಳು, ಸರಪಳಿ ಸಿಕ್ಕಿಸಿದಳು. ಕೆನ್ನೆಯ ಬೆವರು ಒರೆಸಿಕೊಳ್ಳುತ್ತ ತಲೆಯೆತ್ತಿದಾಗ ಗಾಡಿಯ ಪಕ್ಕಕ್ಕೆ ಅಂಟಿಸಿದ್ದ, ಗಾಜಿನ ನಳಿಗೆಯಲ್ಲಿ ಗಾಳಿಗುಳ್ಳೆ ಓಡಾಡುವ ಪುಟ್ಟ ರಸಮಟ್ಟ ಕಣ್ಣಿಗೆ ಬಿತ್ತು. ಈ ಬಯಲಿನಲ್ಲಿ ಎಲ್ಲರ ಗಾಡಿಯಲ್ಲೂ ಇರುತ್ತದೆ. ಬಂದ ಕೂಡಲೇ ಕೊಂಡಿ ಬಿಚ್ಚಿ, ಹಲಗೆ ಕೊಟ್ಟು, ಜಾಕು ತಿರುಗಿಸಿ, ಗುಳ್ಳೆಯನ್ನು ನಟ್ಟನಡುವೆ ತಂದು ನಿಲ್ಲಿಸಿದ ಮೇಲೆಯೇ ಇಲ್ಲಿನವರಿಗೆ ಊಟ ನಿದ್ದೆ. ಯಾರ ಗುಳ್ಳೆ ಎಷ್ಟು ನಡುವಿದೆ ಎಂಬುದರ ಮೇಲೆ ಗಂಡಸರ ಮರ್ಯಾದೆ ನಿಂತಿರುತ್ತದೆ. ಕೊಂಡಿ ಸಿಕ್ಕಿಸಿದ ಮೇಲೆ ಆ ಕಡೆ ನೋಡುವವರಾರು? ಮಾರ್ಲಿಸ್ ನೋಡಿದಳು. ಗುಳ್ಳೆ ನಡುವೆ ಇರಲಿಲ್ಲ. ಮುಂದಿನ ತುದಿಗೆ ಓಡಿಹೋಗಿ ಅಂಟಿಕೊಂಡಿತ್ತು.

ಅವಳು ಹಿಂದೆ ಹಿಂದೆ ಹೆಜ್ಜೆ ಹಾಕಿದಳು. ಗಾಡಿಮನೆ ಮೂತಿಯೆತ್ತಿ, ಹಿಂಭಾಗ ತಗ್ಗಿಸಿ ನಿಂತಿತ್ತು. ಭಾರವೆಲ್ಲ ಹಿಂದಿನ ಅಚ್ಚಿಗೆ. ಮಡ್‌ಗಾರ್ಡು ಹಿಂದಿನ ಟೈರಿನ ಮೇಲೆ ಬಗ್ಗಿತ್ತು, ನಡುವೆ ಅವಳ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಮುಂದಿನ ಚಕ್ರದ ಮೇಲೆ ಮಾತ್ರ ಇಡೀ ಅಂಗೈ ಹೋಗುತ್ತಿತ್ತು. ಹಾಗಾದರೆ ಅಚ್ಚಿಗೂ ಏನಾಗಿಲ್ಲ, ಕಮಾನುಪಟ್ಟಿಗೂ ಏನಾಗಿಲ್ಲ! ಚಕ್ರದಲ್ಲಿ ರೋಗವೇ ಇಲ್ಲ, ರೋಗ ಇಲ್ಲಿ, ಕೊಂಡಿಯಲ್ಲಿ! ಈ ಟ್ರಕ್ಕು ಹಳೆಯದಕ್ಕಿಂತ ಒಂದು ಗೇಣು ಎತ್ತರ. ಇಷ್ಟು ದಿನವೂ ಅವರು ಗಾಡಿಯನ್ನು ಬಿಚ್ಚಿ, ಮಟ್ಟ ಮಾಡಿ, ಕಾಯಿಲೆಯನ್ನು ತಾವೇ ಜೋಪಾನವಾಗಿ ಮುಚ್ಚಿಟ್ಟು, ಆಮೇಲೆ ಕೆಳಗೆ ತೂರಿ ಕಾಯಿಲೆ ಎಲ್ಲಿ ಎಂದು ಹುಡುಕಿದ್ದರು. ಮಾರ್ಲಿಸ್‌ಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ಬಯಲಿನಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗುವಿನ ಮಧ್ಯದಲ್ಲೇ ಊರಿನ ಮನೆಯ ಅಂಗಳ ಕಣ್ಣೆದುರು ಬಂತು. ಆಸ್ಪತ್ರೆಯಿಂದ ಬಂದ ವಾರದಲ್ಲೇ ಆರಿನ್ ಹೊಸ ಟ್ರಕ್ಕಿಗೆ ಕೊಂಡಿ ಕೂರಿಸಲು ಹಟ ಹಿಡಿದಿದ್ದ. ಬೇರೆಲ್ಲ ಹೋಗಿತ್ತು, ಅದೊಂದು ಉಳಿದಿತ್ತು ಅವನಿಗೆ. ಸಹಾಯಕ್ಕೆ ಹೋದರೆ "ಮುಟ್ಬೇಡ" ಎಂದ. ಅವಳು ಒಳಗೆ ಬಂದು ಕಿಟಕಿಯಿಂದ ನೋಡಿದಳು. ಹಿಮದಲ್ಲಿ ಮಂಡಿಯೂರಿ, ಎಡಗೈ ಒಂದರಲ್ಲೇ, ಗುಂಡು ಎಷ್ಟು ಎತ್ತರದಲ್ಲಿರಬೇಕೆಂದು ಗೊತ್ತುಮಾಡುವ ತೂತುಗಳನ್ನು ಹೆಬ್ಬೆರಳಿನಿಂದ ತಡವಿ ಎಣಿಸುತ್ತಿದ್ದ. ಹಳೆಯ ಟ್ರಕ್ಕಿಗೆ ಹಾಕುತ್ತಿದ್ದ ತೂತಿಗೇ ಹಾಕಿದ್ದ. ಅಭ್ಯಾಸಬಲ. ಮುಗಿಸಿ ಎದ್ದಾಗ ಅವನ ಮುಖದಲ್ಲಿ ಎಂಥ ಗೆಲುವಿತ್ತು ಎಂದು ನೆನಪಾಗಿ ಅವಳ ನಗು ಗಕ್ಕನೆ ನಿಂತಿತು.

ಹೇಳುವುದೋ ಬಿಡುವುದೋ? ಹೇಳಿದರೆ ಅವನಿಗೆ ಉಳಿದಿದ್ದ ಆ ಒಂದೂ ಹೋಗುತ್ತದೆ. ಹೇಳದಿದ್ದರೆ ಮನೆ ಹೋಗುತ್ತದೆ, ಅದರ ಹಿಂದೆ ಟ್ರಕ್ಕೂ ಹೋಗುತ್ತದೆ, ತಾನು ಮತ್ತೆ ಬಲಗಡೆಯ ಸೀಟಿಗೆ, ಅದೂ ಯಾರ ಯಾರದೋ ಕಾರಿನ ಬಲಗಡೆಯ ಸೀಟಿಗೆ. ತಲೆ ಹೀಗೆ ತಕ್ಕಡಿ ಹಿಡಿದು ತೂಗುತ್ತಿರುವಾಗಲೇ ಅವಳ ಕಾಲು ಉಪಕರಣದ ಪೆಟ್ಟಿಗೆಯ ಹತ್ತಿರ ಹೋಗಿಯಾಗಿತ್ತು. ಚಿಲಕ ಬಿಚ್ಚಿ ಮೂತಿಯನ್ನು ಮತ್ತೆ ಜಾಕಿನ ಮೇಲೇರಿಸಿ, ದೊಡ್ಡ ಸ್ಪ್ಯಾನರನ್ನು ಬೋಲ್ಟಿಗೆ ಕಚ್ಚಿಸಿ, ಅದರ ಹಿಡಿಗೆ ಉದ್ದನೆಯ ಪೈಪು ತುರುಕಿ, ಪೈಪಿನ ತುದಿಗೆ ತನ್ನ ಇಡೀ ಮೈಭಾರ ಹಾಕಿ ನೇತಾಡಿದಳು. ಬೋಲ್ಟು ಅಲ್ಲಾಡಲಿಲ್ಲ. ಹಿಂದೆ ಆರಿನ್‌ನ ಊರುಗೋಲು ಮರಳಿನಲ್ಲಿ ಕಿರಗುಟ್ಟಿತು.

"ಏನ್... ಮಾಡ್ತಿದ್ದೀಯ?"

"ಎರಡು ತೂತು ಕೆಳಗೆ ಇಳಿಸ್ತಿದ್ದೀನಿ" ಎಂದಳು ತಿರುಗದೆ.

ಅವನು ಈಗ ಬೈಯುತ್ತಾನೆ ಎಂದು ಕಾದಳು. ಊರುಗೋಲು ಒಂದು ಹೆಜ್ಜೆ ಹತ್ತಿರ ಬಂತು. ಆಮೇಲೆ, "ಪೈಪು... ತುದಿಗೆ ಹಿಡಿ. ಇನ್ನೂ ತುದಿಗೆ" ಎಂದ.

ಅಷ್ಟರಲ್ಲಿ ರಾಯ್ಸ್ ಬಂದೇಬಿಟ್ಟ, ಕಾಲು ಚಾಚಿ ಚಾಚಿ ನಡೆಯುತ್ತ, ಕೈಯಲ್ಲಿ ಅವನ ತಪ್ಪದ ಕಾಫಿ ಮಗ್ಗು. ವಯಸ್ಸಿನಲ್ಲಿ ಅವಳ ಮಗನಂಥವನು, ಮಗಳಿಗೆ ಕೊಡಲು ಗಾಡಿ ಹುಡುಕುತ್ತಿದ್ದ ಒಳ್ಳೆಯ ಮನುಷ್ಯ.

"ಏನ್ ಮಾರ್ಲಿಸ್, ಮಾರೋ ಮುಂಚೆ ಸರ್ವಿಸಿಂಗಾ? ಬಿಡಿ, ನಾನ್ ಮಾಡ್ತೀನಿ."

"ದೂರ ನಿಂತ್ಕೋ ರಾಯ್ಸ್. ಪೈಪು ಜಾರಿದ್ರೆ ನಿನ್ನ ಮುಂದಿನ ಹಲ್ಲು ಹೋಗುತ್ತೆ, ಆಮೇಲೆ ನಂಗೆ ಬೈಬೇಡ."

"ಆರಿನ್, ನೋಡ್ರೀ, ನಿಮ್ಮ ಹೆಂಡ್ತಿ..."

"ಅವಳನ್ನೇ ಕೇಳು" ಎಂದ ಆರಿನ್.

ಬೋಲ್ಟು ಬಂದೂಕು ಹೊಡೆದಂತೆ ಸದ್ದು ಮಾಡಿ ಸಡಿಲವಾಯಿತು. ಮಾರ್ಲಿಸ್ ಮರಳಿನಲ್ಲಿ ಕುಕ್ಕರಬಡಿದಳು, ಕುಂಡಿ ನೋಯಿತು, ಆ ನೋವೂ ಹಿತವಾಗಿತ್ತು. ಎರಡು ತೂತು ಕೆಳಗೆ ಕೂರಿಸಿ, ಮತ್ತೆ ಪೈಪಿನಲ್ಲಿ ನೇತಾಡಿ ಬಿಗಿದು, ಮತ್ತೆ ಕೊಂಡಿ ಸಿಕ್ಕಿಸಿದಾಗ ಗುಳ್ಳೆ ಮೆಲ್ಲಗೆ ಹೊರಟು ಬಂದು ನಡುವಿನ ಎರಡು ಗೆರೆಗಳೊಳಗೆ ನಿಂತಿತು. ಅವಳಿಗೆ ಅದಷ್ಟೇ ಸಾಲದು. ಒಳಗೆ ಓಡಿ ಪ್ಯಾನ್‌ಕೇಕ್ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಂಡು ಬಂದು, ನಾಲ್ಕೂ ಮಡ್‌ಗಾರ್ಡಿನ ಒಳಮೈಗೆ ಅಂಗೈಯಿಂದ ಬಳಿದಳು. ಈ ಬಿಸಿಲಿಗೆ ಒಣಗುವುದು ಎಷ್ಟು ಹೊತ್ತು. ಉಜ್ಜಿದರೆ ಹಿಟ್ಟು ಕಿತ್ತುಬಂದು ಟೈರು ಬೆಳ್ಳಗಾಗುತ್ತದೆ, ಸುಳ್ಳು ಹೇಳಲು ಯಾರಿಗೂ ಆಗುವುದಿಲ್ಲ. ರಾಯ್ಸ್ ಮಗ್ಗನ್ನು ಬಾಯಿಗೆ ಒಯ್ಯುವುದನ್ನು ಮರೆತು ನೋಡುತ್ತಿದ್ದ. "ಒಂದು ಸುತ್ತು ಹೋಗಿ ಬರ್ತೀನಿ" ಎಂದಳು. "ನಾನೂ" ಎಂದ ಆರಿನ್.

ಅವಳು ಬೇಕೆಂದೇ ಕೆಟ್ಟ ದಾರಿ ಹಿಡಿದಳು. ಒಣಹಳ್ಳಕ್ಕೆ ಇಳಿದು ಏರುವ ದಾರಿ, ಹಿಂದೆ ಮೂರು ಸಲ ರಬ್ಬರು ಸುಟ್ಟ ದಾರಿ. ಕಿಟಕಿ ಇಳಿಸಿ, ಕಿವಿಯನ್ನೆಲ್ಲ ಹಿಂದಕ್ಕೆ ಬಿಟ್ಟುಕೊಂಡು ಕೂತಳು. ಹಳ್ಳಕ್ಕಿಳಿಯಿತು. ಬಟ್ಟಲುಗಳು ಕಿಣಿಕಿಣಿ ಎಂದವು. ಏರಿತು. ಗರ್ರೆನ್ನಲಿಲ್ಲ. ಮತ್ತೆ ಒಂದು ತಗ್ಗು, ಉದ್ದಕ್ಕೂ ಬಟ್ಟೆ ಒಗೆಯುವ ಕಲ್ಲಿನಂಥ ಗೀರುಗೀರು ನೆಲ, ಆಮೇಲೆ ಬಲಕ್ಕೆ ಗಿರಕಿ ತಿರುವು. ಸದ್ದೇ ಇಲ್ಲ. ನಿಲ್ಲಿಸಿ ಇಳಿದು ಓಡಿದಳು. ಬಲಗಡೆಯ ಹಿಂದಿನ ಟೈರು ಕಪ್ಪಗೆ, ಶುದ್ಧ ಕಪ್ಪಗೆ. ಮೇಲೆ ಹಿಟ್ಟಿನ ಮೇಲೆ ಅವಳ ಐದೂ ಬೆರಳಿನ ಗುರುತು ಹಾಗ್ಹಾಗೇ ಇತ್ತು. ಎಡಗಡೆಯೂ ಹಾಗೇ. ಅವಳು ಕೂಗಿಬಿಟ್ಟಳು, ಏನೆಂದು ಅವಳಿಗೇ ತಿಳಿಯದು. ಪೊದೆಯೊಳಗಿಂದ ಕ್ವೇಲ್ ಹಕ್ಕಿಗಳು ಬೆದರಿ ಓಡಿದವು.

ಟ್ರಕ್ಕಿಗೆ ಮರಳಿ ಹತ್ತುವಾಗ ಆರಿನ್‌ನ ಮುಖ ಕಂಡಿತು. ಅದರಲ್ಲಿ ಆಶ್ಚರ್ಯವಿರಲಿಲ್ಲ. ಒಂದು ಚೂರೂ ಇರಲಿಲ್ಲ.

"ನಿಂಗೆ ಗೊತ್ತಿತ್ತು" ಎಂದಳು.

ಅವನು ಮಾತುಗಳನ್ನು ಒಂದೊಂದೇ ಹೆಕ್ಕಿದ. "ಹೀಲಾ ಬೆಂಡ್‌ನಲ್ಲಿ... ಬಂಕಿನ ಗಾಜು. ಅದ್ರಲ್ಲಿ ಕಂಡ್ತು. ಮೂತಿ ಆಕಾಶಕ್ಕೆ. ಹೇಳೋಣ ಅನ್ನೋಷ್ಟ್ರಲ್ಲಿ... ನೀನು ಅಂಚು ಹತ್ಸಿದೆ."

"ಆಮೇಲೆ?"

"ಆಮೇಲೆ... ಹೇಳೋ ಅಗತ್ಯ ಬರ್ಲಿಲ್ಲ."

"ಅಷ್ಟೂ ಜನರ ಮುಂದೆ ನನ್ನ ಕಡೆ ಬೆರಳು ತೋರಿಸ್ದೆಯಲ್ಲೋ!" ಹಿಟ್ಟು ಒಣಗಿ ಬಿರುಕುಬಿಟ್ಟ ಕೈಯಿಂದ ಸೀಟಿಗೆ ಗುದ್ದಿದಳು. ಹೊಡೆಯಬೇಕೆನ್ನಿಸಿತು, ಕಾಯಿಲೆಯವನೆಂದೂ ನೋಡದೆ. "ಯಾಕೆ ಆರಿನ್? ಹೇಳು, ಯಾಕೆ? ಮನೇನೇ ಮಾರೋಕೆ ಹೊರಟೆ!"

"ನೀನು ಹಾಡ್ಕೋತಿದ್ದೆ" ಎಂದ ಆರಿನ್. "ಕಾನ್ಸಾಸ್ ಉದ್ದಕ್ಕೂ. ನಾನು ಪಕ್ಕದಲ್ಲಿ... ಜೊಲ್ಲು ಒರೆಸ್ಕೊಂಡು ಕೂತಿದ್ದೆ. ನೀನು ಹಾಡ್ತಾ ಇದ್ದೆ ಮಾರ್ಲಿಸ್."

ಅವಳಿಗೆ ಗೊತ್ತೇ ಇರಲಿಲ್ಲ. ಪ್ರಾರ್ಥನೆ ಹೇಳಿಕೊಂಡದ್ದು ನೆನಪಿತ್ತು, ಹಾಡಿದ್ದು ನೆನಪಿರಲಿಲ್ಲ. ಯಾರಿಗೂ ಕಾಣದಂತೆ ಇಟ್ಟುಕೊಂಡಿದ್ದೇನೆಂದು ಅವಳು ನಂಬಿದ್ದ ಆ ಒಂದು ಸುಖ, ಅಷ್ಟು ದೂರವೂ ಅವನ ಕಿವಿಯಲ್ಲಿ ಬೀಳುತ್ತಲೇ ಇತ್ತು. ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬಂತು. ಆದರೆ ಅದೇ ಕ್ಷಣದಲ್ಲಿ, ಇಷ್ಟು ಕೇಳಿದ ಮೇಲೂ, ಹಿಂದೆ ಸದ್ದಿಲ್ಲದೆ ಮಟ್ಟವಾಗಿ ನಿಂತಿರುವ ಗಾಡಿಯ ನೆನಪಿಗೆ ಎದೆ ಕುಣಿಯುತ್ತಲೇ ಇತ್ತು. ತಪ್ಪಾಯಿತು ಎಂದರೆ ಸುಳ್ಳಾಗುತ್ತಿತ್ತು.

"ಹೌದು. ಖುಷಿಯಾಗಿತ್ತು" ಎಂದಳು. "ನಿಂಗೆ ಹಾಗಾದದ್ದಕ್ಕಲ್ಲ. ಓಡ್ಸೋಕೆ. ಈಗ್ಲೂ ಆಗ್ತಿದೆ. ಏನ್ ಮಾಡ್ಲಿ ಹೇಳು?"

ಅವಳು ಗಾಡಿ ತಿರುಗಿಸಿ ಬಯಲಿನ ತಮ್ಮ ಜಾಗದ ತನಕ ತಂದಳು. ರಾಯ್ಸ್ ಆರಿನ್‌ನ ಕಿಟಕಿಯ ಹತ್ತಿರ ಬಂದು, ಬಗ್ಗಿ ಹಿಂದಿನ ಚಕ್ರ ನೋಡಿ ಸಿಳ್ಳು ಹಾಕಿದ. "ಅಯ್ಯೋ ದೇವ್ರೇ, ಕೊಂಡಿನಾ! ನಾವು ಇಷ್ಟು ಜನ ಮುಠ್ಠಾಳರು... ಸರಿ, ಹಾಗಾದ್ರೆ ಮಗಳಿಗೆ ಫೋನ್ ಮಾಡ್ಲಾ ಆರಿನ್? ತಗೊಂಡು ಹೋಗ್ಲಾ?"

ಮಾರ್ಲಿಸ್‌ಗೆ ನಾಲಿಗೆಯ ತುದಿಯಲ್ಲೇ ಉತ್ತರವಿತ್ತು. ಬಲವಂತದಿಂದ ತುಟಿ ಕಚ್ಚಿಕೊಂಡಳು. ಎಲ್ಲರೆದುರು ಆಡಿದ ಮಾತನ್ನು ಆಡಿದವನೇ ತೆಗೆಯಲಿ. ಆರಿನ್ ಗಾಜಿನಾಚೆ ನೋಡುತ್ತ ಕೂತಿದ್ದ.

"ಇಲ್ಲ ರಾಯ್ಸ್" ಎಂದ. "ಡ್ರೈವರ್... ಒಪ್ಪಲ್ಲ."

ರಾಯ್ಸ್ ಅವರಿಬ್ಬರನ್ನೂ ನೋಡಿ, ನಕ್ಕು, ಟ್ರಕ್ಕಿನ ಬಾಗಿಲಿಗೆ ಅಂಗೈಯಿಂದ ತಟ್ಟಿ ಹಿಂದೆ ಸರಿದ. ಮಾರ್ಲಿಸ್ ಎಂಜಿನ್ ಆರಿಸಲಿಲ್ಲ. "ಕುರ್ಚಿ, ಚಾಪೆ ನೋಡ್ಕೋತಿರು, ಹೆದ್ದಾರಿ ತನಕ ಹೋಗಿ ಬರ್ತೀವಿ!" ಎಂದು ಕೂಗಿ ಸ್ಟೀರಿಂಗ್ ಹಿಡಿದಳು. ಮುಂದೆ ದಾರಿ ಖಾಲಿಯಾಗಿ, ಬಿಸಿಲಿನಲ್ಲಿ ಬೆಳ್ಳಗೆ ಹರಡಿಕೊಂಡಿತ್ತು. ಆರಿನ್‌ನ ಎಡಗೈ ಮುಂದಿನ ಡ್ಯಾಶ್‌ಬೋರ್ಡನ್ನು ಬಿಗಿಯಾಗಿ ಹಿಡಿದಿತ್ತು, ಉಗುರುಗಳು ಬಿಳಿಚಿಕೊಂಡಿದ್ದವು. ಅವಳು ಆ ಕೈಯನ್ನು ನೋಡಿದಳು. ನೋಡಿ, ಬ್ರೇಕಿನಿಂದ ಕಾಲು ತೆಗೆದಳು.